ಹತ್ತು ನಿಮಿಷದ ಹುಷಾರಿ

ಸಾಂಗಲಿಯ ನಮ್ಮ ಗಲ್ಲಿಯ ಜೈನ ಮನೆಗಳಿಗೆ ಹೊತ್ತು ಎಷ್ಟಕ್ಕೆ ಮುಳುಗುತ್ತದೆಂದು ತಿಳಿಸುವ ಘನಕಾರ್ಯ ಬಹಳ ಕಾಲದಿಂದ ನನ್ನ ಹೆಗಲ ಮೇಲಿದೆ. ಸೂರ್ಯ ಮುಳುಗಿದ ಮೇಲೆ ನಾವು ಉಣ್ಣುವಂತಿಲ್ಲ. ಹಾಗಾಗಿ ಸೂರ್ಯನಿಗೂ ಗಲ್ಲಿಗೂ ನಡುವೆ ಒಬ್ಬ ಅಧಿಕಾರಿ ಬೇಕೇ ಬೇಕು. ಮೊದಲು ಬಸದಿಯ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತಿದ್ದೆ, ಈಗ ವಾಟ್ಸಾಪ್ ಗುಂಪಿಗೆ ಕಳಿಸುತ್ತೇನೆ. ಪಂಚಾಂಗದ ವೇಳೆಯಲ್ಲಿ ಹತ್ತು ನಿಮಿಷ ಕಳೆದೇ ಹೇಳುವುದು ಪದ್ಧತಿ. ನಮ್ಮವರ ಗಡಿಯಾರಗಳ ಮೇಲೆ ನನಗಿರುವ ವಿಶ್ವಾಸ ಅಷ್ಟು.

ಸೊಸೆ ಮಿರಜಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ನಾನು ದಿನಾ ಕನ್ನಡಕ ಹುಡುಕಿ, ಪಂಚಾಂಗ ತೆರೆದು, ಬೆರಳು ಮಡಚಿ ಲೆಕ್ಕ ಹಾಕುವುದು ಅವಳಿಗೆ ನೋಡಲಾಗಲಿಲ್ಲ. ಒಂದು ರವಿವಾರ ಕೂತು ಲ್ಯಾಪ್‌ಟಾಪಿನಲ್ಲಿ ಪೈಥಾನ್ ನೋಟ್‌ಬುಕ್ ಮಾಡಿಕೊಟ್ಟಳು. ಒಂದರ ಕೆಳಗೊಂದು ಮೂರು ಚೌಕ. ಮೊದಲನೆಯದನ್ನು ಒತ್ತಿದರೆ ಸೂರ್ಯಾಸ್ತದ ವೇಳೆ ಬರುತ್ತದೆ, ಎರಡನೆಯದು ಹತ್ತು ನಿಮಿಷ ಕಳೆಯುತ್ತದೆ, ಮೂರನೆಯದು ಗುಂಪಿಗೆ ಕಳಿಸುತ್ತದೆ.

“ಮಾಮಾ, ಮ್ಯಾಲಿಂದ ಕೆಳಗ ಒತ್ತಕೋತ ಬರ್ರಿ. ಬಸ್, ಝಾಲಂ, ಮುಗೀತು!” ಎಂದಳು, ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ.

ಭಾದ್ರಪದದ ದಶಲಕ್ಷಣ ಪರ್ವ ಬಂತು. ನಮ್ಮ ಮನೆಯಲ್ಲೇ ಇರುವ ಮಾವಶಿ, ಅಂದರೆ ನನ್ನ ತಾಯಿಯ ತಂಗಿ, ದಿನಕ್ಕೆ ಒಂದೇ ಊಟದ ವ್ರತ ಹಿಡಿದಿದ್ದರು. ಆವತ್ತು ಬಸದಿಯ ಪೂಜೆ ಮುಗಿದಾಗ ಮಧ್ಯಾಹ್ನ ದಾಟಿತ್ತು. ಸೊಸೆ ಬಂದ ಮೇಲೆ ಕೂಡಿಯೇ ಉಣ್ಣುತ್ತೇನೆಂದು ಕೂತರು. ಹೊತ್ತು ಮುಳುಗುವ ಮುಂಚೆ ಉಂಡರೆ ಉಂಡಂತೆ, ಇಲ್ಲವಾದರೆ ಮರುದಿನದ ತನಕ ಬರಿಹೊಟ್ಟೆ.

ನಾನು ನೋಟ್‌ಬುಕ್ ತೆರೆದು ಮೊದಲ ಚೌಕ ಒತ್ತಿದೆ, ಎರಡನೆಯದನ್ನೂ ಒತ್ತಿದೆ. ಪರದೆಯ ಮೇಲೆ ಏನೂ ಬದಲಾಗಲಿಲ್ಲ. ಕಳೆಯಿತೋ, ಕಳೆಯಲಿಲ್ಲವೋ? ಕೀಲಿ ಹಾಕಿದ ಮೇಲೆ ಜಗ್ಗಿ ನೋಡದೆ ಹೊರಡುವ ವಂಶವಲ್ಲ ನಮ್ಮದು. ಮತ್ತೊಮ್ಮೆ ಒತ್ತಿದೆ. ಧರ್ಮದ ಕೆಲಸವೆಂದು ಇನ್ನಷ್ಟು ಸಲ ಒತ್ತಿದೆ. ಆಮೇಲೆ ಮೂರನೆಯದು.

‘ಐದೂ ನಲವತ್ತರೊಳಗೆ ಊಟ ಮುಗಿಸತಕ್ಕದ್ದು’ ಎಂದು ಆಜ್ಞೆ ಹೊರಟಿತು.

ಹೊರಗೆ ಮೋಡ ಕವಿದಿತ್ತು. ಯಾರಿಗೂ ಸಂಶಯ ಬರಲಿಲ್ಲ. ಬೇಗ ಉಣ್ಣಿರಿ ಎಂದರೆ ನಮ್ಮಲ್ಲಿ ತಕರಾರಿಲ್ಲ, ತಡವಾಗಿ ಉಣ್ಣಿರಿ ಎಂದರೆ ಸಭೆ ಸೇರುತ್ತದೆ. ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ನಾನೂ ಗಡಿಬಿಡಿಯಲ್ಲಿ ಅರ್ಧ ಜೋಳದ ಭಕ್ರಿ ನುಂಗಿ, ಬಾಯಿ ಮುಕ್ಕಳಿಸಿ, ನಾಳೆ ಮುಂಜಾನೆವರೆಗೆ ಅನ್ನಾಹಾರ ತ್ಯಾಗ ಎಂದು ಕೈಮುಗಿದೆ.

“ಮಾವಶಿ, ಉಣ್ಣಾಕ ಕುಂದ್ರಿ.”

“ಹುಡುಗಿ ಬರ್ಲಿ ತಡಿ.”

ಐದೂ ನಲವತ್ತಾಯಿತು. ಮಾವಶಿ ತಾಟು ಬೋರಲು ಹಾಕಿದರು. “ಆತು. ಇವತ್ತ ಉಪಾಸ.” ದನಿ ಸಣ್ಣಗಾಗಿತ್ತು.

ಅಷ್ಟರಲ್ಲಿ ಸೊಸೆ ಫೋನು ಹಿಡಿದುಕೊಂಡೇ ಒಳಗೆ ಬಂದಳು. “ಮಾಮಾ, ಎರಡನೇ ಚೌಕ ಎಷ್ಟ ಸಲ ಒತ್ತೀರಿ?”

“ಖಾತ್ರಿ ಆಗೂತನಕ.”

“ಅಗಬಾಯಿ! ಅದು ಒತ್ತಿದಾಗೊಮ್ಮೆ ಹತ್ತ ನಿಮಿಷ ಕಳೀತೈತ್ರಿ. ಮೊದಲ ಕಳದದ್ದು ನೆನಪ ಇಟಗೊಂಡು, ಅದರಾಗ ಮತ್ತ ಕಳೀತೈತಿ.”

“ಶಾಣ್ಯಾ!” ಎಂದರು ಮಾವಶಿ ನನಗೆ. “ಇನ್ನೀಟ ಒತ್ತಿದ್ರ ಮುಂಜಾನಿ ನಾಷ್ಟಾಕ್ಕ ಹೊತ್ತ ಮುಳಗಸ್ತಿದ್ದಿ.”

ಸೊಸೆ ನಿಂತಲ್ಲೇ ಒಂದು ಸಾಲು ತಿದ್ದಿದಳು: ಎಷ್ಟು ಸಲ ಒತ್ತಿದರೂ ಆ ದಿನದ ಮೂಲ ವೇಳೆಯಿಂದಲೇ ಕಳೆಯಬೇಕು, ಕಳೆದದ್ದು ಪರದೆಯ ಮೇಲೂ ಕಾಣಬೇಕು. ಆದರೆ ಮಾವಶಿ ತಾಟು ಮುಟ್ಟಲಿಲ್ಲ. “ನನ್ನ ಕಣ್ಣಮುಂದ ಒತ್ತು,” ಎಂದರು. ಒತ್ತಿದೆ. ಆರೂ ಮೂವತ್ತು. “ಇನ್ನೊಮ್ಮೆ.” ಆರೂ ಮೂವತ್ತು. ನನ್ನನ್ನು ನಂಬದ ಮಾವಶಿ ಕಿಟಕಿಯ ಬಳಿ ನಿಂತು ಮೋಡ ಸರಿಯುವವರೆಗೆ ಕಾದು, ಬಿಸಿಲು ಕಂಡ ಮೇಲೆ ತಾಟು ತಿರುವಿದರು. ತಿದ್ದುಪಡಿ ಗುಂಪಿಗೆ ಹೋಯಿತು. ಪಕ್ಕದ ಮನೆಯಿಂದ “ಭಾಂಡಿ ತಿಕ್ಕಿ ಆತಲ್ರಿ!” ಎಂದು ಕೂಗು ಬಂತು.

ಮಾವಶಿ, ಸೊಸೆ ಇಬ್ಬರೂ ಅತ್ತೆ-ಸೊಸೆಯರಂತೆ ಎದುರುಬದುರು ಕೂತರು. ಬಿಸಿ ಭಕ್ರಿ, ಬ್ಯಾಳಿ, ತುಪ್ಪ.

“ನೀನೂ ಬಾ,” ಎಂದರು ಮಾವಶಿ.

“ನಾ ತ್ಯಾಗ ಹೇಳಿಬಿಟ್ಟೇನ್ರಿ.”

“ಹೇಳಿದ್ದು ಹೇಳಿದ್ದ. ಬಡಸಾಕೇನ ತ್ಯಾಗ ಇಲ್ಲಲ್ಲ? ಇನ್ನೊಂದ ಭಕ್ರಿ ಹಾಕು. ತುಪ್ಪಾ ಕೈಬಿಟ್ಟ ಹಾಕು, ಹತ್ತ ನಿಮಿಷ ಕಳದಂಗ ಮಾಡಬ್ಯಾಡ.”

ನಾನು ಬಡಿಸಿದೆ. ಮಾವಶಿ ಅವಸರ ಮಾಡಲಿಲ್ಲ.