ಫಿಕ್ಕ ಚಹಾ

ದುಬಲಗುಂಡಿಯಲ್ಲಿ ನಾನು ನರ್ಸು. ಒಂದು ಮನೆಯ ಯಜಮಾನರಿಗೆ ಸಕ್ಕರೆ ಕಾಯಿಲೆ. ಮಕ್ಕಳಿಗೂ ಅದು ಬಾರದಿರಲಿ, ಎಲ್ಲರೂ ಚಹಾದಲ್ಲಿ ಸಕ್ಕರೆ ಬಿಡಿ ಎಂದು ಗಂಟಲು ಹರಿದುಕೊಂಡೆ. ಸಕ್ಕರೆ ಬಿಡುವುದು ಕಾಯಿಲೆಯವರ ಪಾಡು ಎಂದುಕೊಂಡು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೇಸತ್ತು ಒಂದು ದಿನ, ನನಗೂ ಸಕ್ಕರೆಯಿಲ್ಲದ ಫಿಕ್ಕ ಚಹಾನೇ ಕೊಡಿ ಎಂದೆ.

ಯಜಮಾನರ ತಾಯಿ, ಮನೆಯ ಅಜ್ಜಿ, ಮರುಗಿದಳು. "ಪಾಪ, ನಿಮಗೂ ಶುಗರ್ ಅದ ಏನ್ರಿ ನರ್ಸ್ ಬಾಯಿ?"

ನಾನು ಬಾಯಿ ತೆರೆಯುವ ಮೊದಲೇ ಸೊಸೆಗೆ ಕೂಗಿದಳು: "ಮನೀಗಿ ಬಂದವರು ಫಿಕ್ಕ ಕುಡಿಯಾಕತ್ತಾಗ ನಾವು ಸಿಹಿ ಕುಡಿಯೋದು ಚಲೋ ಅಲ್ಲ. ಎಲ್ಲಾರಿಗೂ ಫಿಕ್ಕನೇ ಮಾಡು."

ಸ್ವಂತ ಮಗ ಫಿಕ್ಕ ಕುಡಿಯುವಾಗ ಇಲ್ಲದ ಸಂಕೋಚ ನನಗಾಗಿ ಬಂದಿತ್ತು! ಈಗ ಆ ಓಣಿಯ ಪ್ರತಿ ಮನೆಯಲ್ಲೂ ಫಿಕ್ಕ ಚಹಾನೇ ಕೇಳುತ್ತೇನೆ. ನನಗೆ ಶುಗರ್ ಇಲ್ಲ ಎಂದು ಇನ್ನೂ ಯಾರಿಗೂ ಹೇಳಿಲ್ಲ.