ದೋಷ ಕಾರಿನದೋ, ಮನೆಯದೋ

ಅಪ್ಪ ತೀರಿಕೊಂಡ ಮೂರನೇ ದಿನ ನಮ್ಮ ಮನೆಯಲ್ಲಿ ಒಂದು ವಾದ ಶುರುವಾಯಿತು: ಅಪ್ಪನ ಪ್ರಾಣ ಹೋದದ್ದು ಕಾರಿನಲ್ಲೋ, ಮನೆಯಲ್ಲೋ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎಂತೆಂಥ ವಿಷಯಗಳ ಪರವಾಗಿ, ವಿರುದ್ಧವಾಗಿ ಮಾತಾಡಿದ್ದೇನೆ. ಇಷ್ಟು ನಾಚಿಕೆಗೇಡಿನ ವಿಷಯವನ್ನು ಯಾರೂ ಕೊಟ್ಟಿರಲಿಲ್ಲ.

ಸತ್ತ ಗಳಿಗೆಯ ನಕ್ಷತ್ರ ಕೆಟ್ಟದ್ದಾದರೆ, ಪ್ರಾಣ ಹೋದ ಮನೆಯನ್ನು ಮೂರು ತಿಂಗಳು ಬಿಡಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಬೀಗ ಹಾಕಿ ಎಲ್ಲರೂ ಹೊರಡಬೇಕು. ಪುರೋಹಿತರು ಪಂಚಾಂಗ ತಿರುವಿ, ನಕ್ಷತ್ರ ಚೆನ್ನಾಗಿಲ್ಲ ಎಂದರು. ಅಂದರೆ ಅಮ್ಮ ಅರಸೀಕೆರೆಯ ಈ ಮನೆ ಬಿಡಬೇಕು. ಆಗ ಅಪ್ಪನ ಅಣ್ಣ, ಮಾದಿಹಳ್ಳಿಯ ತೆಂಗಿನ ತೋಟದ ನಮ್ಮ ದೊಡ್ಡಪ್ಪ, ಕಾಫಿ ಲೋಟ ಕೆಳಗಿಟ್ಟು ಪರಿಹಾರ ಹೇಳಿದರು.

"ಜೀವ ಹೋಗಿದ್ದು ಕಾರಲ್ಲಿ ಕಣ್ರೀ. ಮನೆಗ್ಯಾಕೆ ದೋಷ ಬತ್ತದೆ? ಆ ಕಾರ್ನ ಗುಜರಿಗೆ ಹಾಕಿ, ದೋಷಾನೂ ಅದರ ಜೊತೇಲೇ ಹೋಯ್ತದೆ."

ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಪುರೋಹಿತರು ಕೂಡ. ನನಗೆ ಮೈ ಉರಿಯಿತು. ಮೂರು ದಿನಗಳಿಂದ ಬಂದವರಿಗೆಲ್ಲ ದೊಡ್ಡಪ್ಪ ಒಂದೇ ಮಾತು ಹೇಳುತ್ತಿದ್ದರು: "ಆ ಕಾರಿನ ಹುಚ್ಚೊಂದು ಬಿಟ್ರೆ ನನ್ನ ತಮ್ಮ ದೇವರಂಥೋನು."

ಬಿಟ್ಟರೆ ಏನು ಉಳಿಯುತ್ತದೆ, ಹೇಳಿ? ಅಪ್ಪ ರೈಲ್ವೆಯಲ್ಲಿ ಗುಮಾಸ್ತ. ದುಡಿದದ್ದು ರೈಲಿಗೆ, ಬದುಕಿದ್ದು ನನಗಿಂತ ವಯಸ್ಸಾದ ಆ ಬಿಳಿ ಕಾರಿನಲ್ಲಿ. ದೊಡ್ಡಪ್ಪನ ಸೊಸೆಗೆ ಹೆರಿಗೆ ನೋವು ಬಂದಾಗ ಮಾದಿಹಳ್ಳಿಗೆ ಓಡಿದ್ದು ಆ ಹುಚ್ಚೇ. ನನ್ನನ್ನು ಹಾಸನದ ಸ್ಪರ್ಧೆಗೆ ಕರೆದೊಯ್ದು, ಹೊರಗೆ ಬಾನೆಟ್ ತೆರೆದು ನಿಂತು, ನಾನು ಸೋತು ಬಂದರೆ "ತೀರ್ಪುಗಾರನ ಪ್ಲಗ್ ಹೋಗೈತೆ ಬಿಡು" ಎಂದಿದ್ದೂ ಅದೇ. ನೆಂಟರು ಬಂದಾಗಲೆಲ್ಲ ಬೇಲೂರು, ಹಳೇಬೀಡು ಸುತ್ತಿಸುತ್ತಿದ್ದ. ತಾನು ಮಾತ್ರ ಮರದ ನೆರಳಲ್ಲಿ ಕಾರು ಒರೆಸುತ್ತ ನಿಲ್ಲುತ್ತಿದ್ದ. ಒಂದೇ ಒಂದು ಸಲ ನನ್ನ ಬಲವಂತಕ್ಕೆ ಹಳೇಬೀಡಿನ ಗುಡಿ ಸುತ್ತಿದ. ದೇವರ ಕಡೆ ನೋಡಲಿಲ್ಲ. ಗೋಡೆಯ ಮೇಲಿನ ಒಂದು ರಥದ ಮುಂದೆ ಕುಕ್ಕರುಗಾಲಲ್ಲಿ ಕೂತು, "ಚಕ್ರ ಕಳಚದಂಗೆ ಹಾಕೋ ಕಡಾಣಿ ಕೂಡ ಕೆತ್ತವನೆ ನೋಡೇ. ಈ ಶಿಲ್ಪಿ ಗಾಡಿ ಹೊಡೆದೋನು" ಎಂದ. ಅವತ್ತು ದಾರಿಯುದ್ದಕ್ಕೂ ಅದೇ ಮಾತು.

ನಾನೂ ಸಾಚಾ ಅಲ್ಲ. ಖಾಸಗಿ ವಾಹನಗಳು ನಾಡಿಗೆ ಶಾಪ ಎಂದು ಒಮ್ಮೆ ಗಂಟಲು ಹರಿಯುವಂತೆ ವಾದಿಸಿ ಬಹುಮಾನ ಗೆದ್ದೆ. ಉದಾಹರಣೆಗೆ ಅಪ್ಪನನ್ನೇ ಬಳಸಿಕೊಂಡೆ. ಸಭೆ ನಕ್ಕಿತು. ಅಪ್ಪ ಆ ಬಹುಮಾನದ ಕಪ್ ಅನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟುಕೊಂಡು ಮನೆಗೆ ಬಂದ. ನನಗೆ ಕಾರು ಕಲಿಸುವಾಗ ಪ್ರತಿಯೊಂದಕ್ಕೂ ನಾನು ಯಾಕೆ ಎನ್ನುತ್ತಿದ್ದೆ. ಅವನದು ಒಂದೇ ಉತ್ತರ: "ಕ್ಲಚ್ ಮೊದ್ಲು, ವಾದ ಆಮೇಲೆ."

ಅಪ್ಪನದೊಂದು ಅಭ್ಯಾಸವಿತ್ತು. ದಿನಾ ಬೆಳಿಗ್ಗೆ ಇಂಜಿನ್ ಚಾಲೂ ಮಾಡಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಊರಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕೇಳುತ್ತಿದ್ದ. ಆಮೇಲೆ ಸೀಟಿನಲ್ಲಿ ಐದು ನಿಮಿಷ ಕೂತು ಆಫ್ ಮಾಡುತ್ತಿದ್ದ. ಅವತ್ತು ಇಂಜಿನ್ ನಿಲ್ಲಲಿಲ್ಲ. ಅಮ್ಮ ಹೋಗಿ ನೋಡಿದರೆ ಸೀಟಿಗೆ ಒರಗಿದ್ದ. ನಾನೂ ಪಕ್ಕದ ಮನೆಯವರೂ ಎತ್ತಿ ತಂದು ನಡುಮನೆಯಲ್ಲಿ ಮಲಗಿಸಿದೆವು. ನಾನು ಆಂಬುಲೆನ್ಸಿಗೆ ಫೋನು ಮಾಡುತ್ತ ಗೇಟಿಗೆ ಓಡಿದೆ. ಹಿಂತಿರುಗುವಷ್ಟರಲ್ಲಿ ಮುಗಿದಿತ್ತು.

ಹಾಗಾಗಿ ದೊಡ್ಡಪ್ಪನ ಮೇಲೆ ಬಿದ್ದೆ. "ಕಾರಲ್ಲೇ ಹೋಯಿತು ಅನ್ನೋಕೆ ಸಾಕ್ಷಿ ಏನು? ನೀವು ಬಂದಿದ್ದು ಮಧ್ಯಾಹ್ನದ ಬಸ್ಸಿಗೆ."

"ಎಲ್ರಿಗೂ ಗೊತ್ತಿರೋದೇ ಕಣಮ್ಮ."

"ಎಲ್ರಿಗೂ ಗೊತ್ತು ಅನ್ನೋದು ಸಾಕ್ಷಿ ಅಲ್ಲ. ಅಷ್ಟಕ್ಕೂ, ಆ ನಕ್ಷತ್ರಕ್ಕೆ ನಮ್ಮ ಡೋರ್ ನಂಬರ್ ಗೊತ್ತಾ?"

ದೊಡ್ಡಪ್ಪ ನಕ್ಕರು. ಆ ನಗು ಈಗಲೂ ಕಿವಿಯಲ್ಲಿದೆ. "ಆಗ್ಲಿ ಲಾಯರಮ್ಮ, ನೀನೇ ಗೆದ್ದೆ. ಪ್ರಾಣ ಹೋಗಿದ್ದು ಮನೇಲೇ ಅಂತ ಸಾಧಿಸು. ನಿಮ್ಮಮ್ಮ ನಾಳೇನೇ ಗಂಟು ಕಟ್ಕೊಂಡು ಹೊರಡ್ಲಿ."

ವಾದ ಗೆದ್ದರೆ ಅಮ್ಮನ ಮನೆ ಹೋಗುತ್ತದೆ, ಸೋತರೆ ಅಪ್ಪನ ಕಾರು. ಇಡೀ ಪ್ರಶ್ನೆಯೇ ಸುಳ್ಳು ಎಂದು ಕೂಗಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗುಜರಿಯವನಿಗೆ ಯಾರೋ ಆಗಲೇ ಫೋನು ಹಚ್ಚಿದ್ದರು.

ಆಗ ಮೂರು ದಿನದಿಂದ ತುಟಿ ಬಿಚ್ಚದ ಅಮ್ಮ ಗೋಡೆಗೆ ಒರಗಿಕೊಂಡೇ ಹೇಳಿದಳು. "ನಾನು ಬಾಯಿಗೆ ನೀರು ಬಿಟ್ಟೆ. ಒಂದು ಗುಟುಕು ನುಂಗಿದ್ರು. ಇಲ್ಲೇ, ನಡುಮನೇಲಿ. ಸತ್ತೋರು ನೀರು ನುಂಗ್ತಾರಾ ಭಾವ?"

ಪುರೋಹಿತರು ಪಂಚಾಂಗಕ್ಕೆ ಕೈ ಹಾಕುವ ಮೊದಲೇ ಅಮ್ಮ ತೀರ್ಮಾನವನ್ನೂ ಹೇಳಿಬಿಟ್ಟಳು.

"ಮನೆಗೆ ಬೀಗ ಹಾಕಿ. ಕಾರು ಮುಟ್ಬೇಡಿ."

ಅಡುಗೆಮನೆಯಲ್ಲಿ ನಾನು ಅಮ್ಮನ ಮೇಲೂ ರೇಗಿದೆ. ಇದನ್ನೆಲ್ಲ ನಂಬುತ್ತೀಯಾ, ಅವರ ಆಟಕ್ಕೆ ನೀನೇ ಯಾಕೆ ತಲೆ ಕೊಟ್ಟೆ ಎಂದೆ.

"ನಂಬಿಕೆ ಗಿಂಬಿಕೆ ನಂಗೊತ್ತಿಲ್ಲ ಕಣೇ. ಮನೆ ಉಳೀಲಿ ಅಂತ ಸುಮ್ನಿದ್ದೆ, ನಿಜ. ಆದ್ರೆ ಅವರು ನನ್ನ ಕೈಲಿ ನೀರು ಕುಡಿದು ಹೋಗಿದ್ದು. ಒಬ್ರೇ ಕಾರಲ್ಲಿ ಹೋದ್ರು ಅಂತ ಇವರು ಊರೆಲ್ಲ ಸಾರ್ತಾರೆ ಅಂದ್ರೆ, ನಾನ್ ಬಿಡ್ತೀನಾ?"

ಕಾಫಿ ಲೋಟಗಳನ್ನು ತೊಳೆಯಲು ಕೂತೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ತಿಥಿ ಮುಗಿದ ಮಾರನೇ ದಿನ ಬಿಕ್ಕೋಡಿಗೆ, ಅಮ್ಮನ ಅಣ್ಣನ ಮನೆಗೆ ಹೊರಟೆವು. ಸ್ಕ್ರೂಡ್ರೈವರನ್ನು ಇಂಜಿನ್ನಿಗೆ ಊರಿ ಕಿವಿಗಿಟ್ಟೆ. ಬರೀ ಗದ್ದಲ. ಅಪ್ಪನಿಗೆ ಏನು ಕೇಳಿಸುತ್ತಿತ್ತೋ ನನಗೆ ಕೇಳಿಸಲಿಲ್ಲ. ಬಾನೆಟ್ ಮುಚ್ಚುವಾಗ ದೊಡ್ಡಪ್ಪ ಚೀಲ ಹಿಡಿದು ಬಂದರು.

"ಹೆಂಗೂ ಆ ಕಡೇನೇ ಹೋಯ್ತಿದೀರ. ಹಳೇಬೀಡಲ್ಲಿ ಇಳಿಸ್ಬಿಡಮ್ಮ. ಅಲ್ಲಿಂದ ಬಸ್ಸೈತೆ."

"ಕಾರಿನ ದೋಷ ಏನಾಯ್ತು ದೊಡ್ಡಪ್ಪ?"

"ಅದು ಮನೇದು ಅಂತ ಆಯ್ತಲ್ಲಮ್ಮ!"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹಿಂದಿನ ಬಾಗಿಲು ತೆಗೆದಳು. ಜಾವಗಲ್ ದಾಟುವಾಗ ದೊಡ್ಡಪ್ಪ ಗೊರಕೆ ಹೊಡೆಯುತ್ತಿದ್ದರು. ಹಳೇಬೀಡಿನಲ್ಲಿ ಇಳಿದವರು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ, "ಚೆನ್ನಾಗಿ ಇಟ್ಟಿದ್ದ ಕಣಮ್ಮ ನನ್ನ ತಮ್ಮ" ಎಂದರು. ಅದನ್ನು ಅವನ ಎದುರಿಗೆ ಒಂದು ದಿನವಾದರೂ ಹೇಳಿದ್ದರೆ! ಸಿಟ್ಟಿನಲ್ಲಿ ಗೇರು ಎಳೆದೆ. ಕಾರು ಕರಕರನೆ ಕಿರುಚಿಕೊಂಡಿತು.

ಜೀವಮಾನದಲ್ಲಿ ಸ್ಟಿಯರಿಂಗ್ ಮುಟ್ಟದ ಅಮ್ಮ ಪಕ್ಕದಲ್ಲಿ ಕೂತು ರಸ್ತೆಯನ್ನೇ ನೋಡುತ್ತ ಹೇಳಿದಳು:

"ಕ್ಲಚ್ ಮೊದ್ಲು."