ದುಪಟ್ಟಾ ಹೊದ್ದು ಹಾಲು ಕರೆದದ್ದು

ಹರಿಯಾಣದ ಮಾನೇಸರ್ ಆಚೆಯ ಹಳ್ಳಿಗಳಿಂದ ಸ್ತನದ ಕ್ಯಾನ್ಸರ್ ಇರುವ ಹೆಂಗಸರನ್ನು ದಿಲ್ಲಿಯ ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿಗೆ ನಾನು ಡ್ರೈವರ್. ಒಂದು ಸಲ ಸಂತೋಷ್ ದೇವಿ ಅನ್ನುವವಳ ಆಪರೇಷನ್‌ಗೆ ಡೇಟು ಕೊಟ್ಟಿದ್ದರು. ಮೊದಲ ಡೇಟು ತಪ್ಪಿಸಿದ್ದಳು, ಇದು ಎರಡನೆಯದು. ವ್ಯಾನು ಬಾಗಿಲಿಗೆ ಬಂದರೂ ಹತ್ತಲಿಲ್ಲ.

"ನಮ್ಮ ಎಮ್ಮೆ ಬೇರೆಯವರನ್ನ ಹತ್ತಿರ ಬಿಡಲ್ಲ ಭಯ್ಯಾ. ಇವರನ್ನೂ ಒದೆಯುತ್ತೆ. ಮುಂದಿನ ತಿಂಗಳು ಬರ್ತೀನಿ" ಅಂದಳು, ಪಕ್ಕದಲ್ಲಿ ನಿಂತಿದ್ದ ಗಂಡನನ್ನು ತೋರಿಸಿ.

ಇದೇ ಕಾಯಿಲೆ ಬಂದಾಗ ನನ್ನ ಹೆಂಡತಿಯೂ ಹಾಗೇ ಅಂದಿದ್ದಳು, ಮಗಳ ಪರೀಕ್ಷೆ ಮುಗೀಲಿ ಅಂತ. ಪರೀಕ್ಷೆ ಮುಗಿಯಿತು. ಅವಳೂ ಹೋದಳು. ಆಗ ನಾನು ಒತ್ತಾಯ ಮಾಡಲಿಲ್ಲ.

ಸಂತೋಷ್ ದೇವಿಯ ಗಂಡನಿಗೆ ಹೇಳಿದೆ, "ಭಾಯ್‌ಸಾಬ್, ಇವರ ದುಪಟ್ಟಾ ಹೊದ್ದು ಕೂತ್ಕೊಳ್ಳಿ. ವಾಸನೆಗೆ ಎಮ್ಮೆ ನಂಬುತ್ತೆ. ನಮ್ಮೂರಲ್ಲಿ ಗಂಡಸರು ಹೆಂಡತಿಯ ಸೀರೆ ಉಟ್ಟು ಹಾಲು ಕರೀತಾರೆ."

ಅವನು ಮೀಸೆ ಮುಟ್ಟಿಕೊಂಡ. "ಊರವರು ನೋಡಿದ್ರೆ?"

"ಚಲೋ, ನಾನೇ ಕೂತ್ಕೋತೀನಿ. ಈ ಊರಲ್ಲಿ ನನಗೇನೂ ಮರ್ಯಾದೆ ಇಲ್ಲ."

ದುಪಟ್ಟಾ ತಲೆ ಮೇಲೆ ಎಳೆದುಕೊಂಡು ಕೂತೆ. ಎಮ್ಮೆ ತಿರುಗಿ ಮೂಸಿತು. ಸ್ವಲ್ಪ ಯೋಚನೆ ಮಾಡಿತು. ಆಮೇಲೆ ಹಾಲು ಬಿಟ್ಟಿತು. ಪಕ್ಕದ ಮನೆಯ ಮುದುಕಿ ಗೋಡೆ ಮೇಲಿಂದ ಇಣುಕಿ, "ಏ ಸಂತೋಷ್, ನಿನಗೆ ಗಡ್ಡ ಯಾವಾಗ ಬಂತೇ?" ಅಂದಳು. ಸಂತೋಷ್ ನಗುತ್ತಲೇ ವ್ಯಾನು ಹತ್ತಿದಳು.

ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನ ಬೆಳಿಗ್ಗೆ ಸಂಜೆ ಹೋಗಿ ನಾನೇ ಹಾಲು ಕರೆದೆ. ಹೊಲಿಗೆ ಬಿಚ್ಚಿಸಿಕೊಂಡು ಬಂದವಳನ್ನೇ ಎಮ್ಮೆ ಒದೆಯಲು ಹೋಯಿತಂತೆ. "ನನ್ನ ಎಮ್ಮೆ ಕೆಡಿಸಿಬಿಟ್ಟೆ" ಅಂತ ಈಗ ದಿನಾ ಫೋನಿನಲ್ಲಿ ಬೈಯುತ್ತಾಳೆ. ಬೈಯಲಿ. ಮನೆಯಲ್ಲಿ ನನ್ನನ್ನು ಬೈಯುವವರು ಯಾರೂ ಇಲ್ಲ.